ತೊಲೆ ಒಂದೇ, ತೂಕ ಎರಡು



ಠಾಣೆಯ ನೌಪಾಡಾ ಎಂದಕೂಡಲೇ ನಿಮ್ಮಲ್ಲಿ ಬಹಳ ಮಂದಿಗೆ ಗೋಖಲೆ ರೋಡು, ರಾಮ್ ಮಾರುತಿ ರೋಡು ನೆನಪಾಗುತ್ತವೆ. ದಸರೆ, ದೀಪಾವಳಿ, ಅಕ್ಷಯ ತದಿಗೆ ಬಂತೆಂದರೆ ಅಲ್ಲಿನ ಚಿನ್ನದಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂಥ ಒಂದು ದಿನ ಕೌಂಟರಿನ ಪಕ್ಕ ನಿಂತು ಸುಮ್ಮನೆ ಕಿವಿಗೊಟ್ಟು ನೋಡಿ. ಮರಾಠಿ ಮನೆಯವರು 'ದೋನ್ ತೋಳೆ' ಎನ್ನುತ್ತಾರೆ. ಉಡುಪಿ, ಮಂಗಳೂರು, ಕಾಸರಗೋಡಿನ ಕಡೆಯ ನಮ್ಮ ಹೆಂಗಸರು 'ನಾಲ್ಕು ಪವನು' ಎನ್ನುತ್ತಾರೆ. ಅಂಗಡಿಯವನು ಇಬ್ಬರಿಗೂ ತಲೆಯಾಡಿಸಿ, ಬಿಲ್ಲಿನಲ್ಲಿ ಮಾತ್ರ ಗ್ರಾಮಿನ ಲೆಕ್ಕ ಬರೆಯುತ್ತಾನೆ. ಮೂರು ಬಗೆಯ ಲೆಕ್ಕ, ಒಂದೇ ತಕ್ಕಡಿ. ಯಾರಿಗೂ ಗೊಂದಲವಿಲ್ಲ. ಅಥವಾ ಹಾಗೆಂದು ನಾವೆಲ್ಲ ನಂಬಿದ್ದೇವೆ.

ಗೊಂದಲ ಇದೆ ಎಂದು ನನಗೆ ಗೊತ್ತಾದದ್ದು ಪರಿಚಯದ ಇಬ್ಬರು ಅಕ್ಕ-ತಂಗಿಯರಿಂದ. ಹೆಸರು ಬೇಡ. ಕುಂದಾಪುರದ ಕಡೆಯವರು. ತಂದೆ ಠಾಣೆಗೆ ಬಂದು, ಸಣ್ಣದೊಂದು ಹೋಟೆಲು ನಡೆಸಿ, ಮಕ್ಕಳನ್ನು ದಡ ಸೇರಿಸಿದವರು. ಅಕ್ಕನ ಮದುವೆ 1957ರಲ್ಲಿ ಊರಿನಲ್ಲಿ ಆಯಿತು. ಕೊನೆಯ ಮಗಳಾದ ತಂಗಿಯ ಮದುವೆ 1975ರಲ್ಲಿ ಠಾಣೆಯಲ್ಲೇ ನಡೆಯಿತು. ಅಕ್ಕನ ಮನೆ ನೌಪಾಡಾ, ತಂಗಿಯದು ಡೊಂಬಿವಲಿ. ಕೆಲವು ವರ್ಷಗಳ ಹಿಂದೆ ಬ್ಯಾಂಕಿನ ಲಾಕರು ಬದಲಿಸುವಾಗ ಇಬ್ಬರೂ ತವರಿನ ಒಡವೆಗಳನ್ನು ಒಟ್ಟಿಗೆ ತೂಗಿಸಿದರು. ಅಕ್ಕನದು 116 ಗ್ರಾಮಿಗೆ ಚೂರು ಕಡಿಮೆ. ತಂಗಿಯದು 100ಕ್ಕೆ ಚೂರು ಕಡಿಮೆ.

ತಂಗಿ ಅಲ್ಲಿ ಏನೂ ಹೇಳಲಿಲ್ಲ. ಮನೆಗೆ ಬಂದ ಮೇಲೆ ಹೇಳಿದರು: "ಅಪ್ಪಯ್ಯ ನಂಗೆ ಎರಡು ಪವನು ಕಮ್ಮಿ ಹಾಕಿದ್ರು. ಅಕ್ಕ ಅಂದ್ರೆ ಅವ್ರಿಗೆ ಯಾವಾಗ್ಲೂ ಒಂದು ಕೈ ಮೇಲೇ."

ಅಕ್ಕ ಅಪ್ಪಯ್ಯನ ಹಳೆಯ ಲೆಕ್ಕದ ಪುಸ್ತಕ ತೆಗೆದು ತೋರಿಸಿದರು. ಎರಡು ಮದುವೆಯ ಖರ್ಚೂ ಅವರದೇ ಅಕ್ಷರದಲ್ಲಿತ್ತು. 1957ರ ಪುಟದಲ್ಲಿ 'ಚಿನ್ನ 10 ತೊಲೆ'. 1975ರ ಪುಟದಲ್ಲೂ 'ಚಿನ್ನ 10 ತೊಲೆ'. ಇಬ್ಬರಿಗೂ ಸಮ. ಹಾಗಾದರೆ 16 ಗ್ರಾಂ ಎಲ್ಲಿಗೆ ಹೋಯಿತು? ಅಂಗಡಿಯವನು ಮೋಸ ಮಾಡಿದನೇ? ತಂದೆ ಒಂದು ಬರೆದು ಇನ್ನೊಂದು ಕೊಟ್ಟರೇ?

ಕೇಳುಗರೇ, ಅದು ಎಲ್ಲಿಗೂ ಹೋಗಲಿಲ್ಲ. ಆ ಹದಿನೆಂಟು ವರ್ಷಗಳಲ್ಲಿ ಬದಲಾದದ್ದು ತಂದೆಯಲ್ಲ, ತೊಲೆ. ಅದು ಹೇಗೆಂದು ತಿಳಿಯಲು ನಾವು ಸುಮಾರು ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು. ಬನ್ನಿ.

ರೂಪಾಯಿಯೇ ತೂಕದ ಕಲ್ಲು

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಡಿಯಾದಲ್ಲಿ ಒಂದೇ ರೂಪಾಯಿ ಎಂಬುದಿರಲಿಲ್ಲ. ಟಂಕಸಾಲೆಗೊಂದು ರೂಪಾಯಿ, ಪ್ರತಿಯೊಂದಕ್ಕೂ ಅದರದೇ ತೂಕ. ಕಲ್ಕತ್ತೆಯ ಸಿಕ್ಕಾ ರೂಪಾಯಿ ಇಂಗ್ಲಿಷರ ಲೆಕ್ಕದಲ್ಲಿ ಸುಮಾರು 192 ಗ್ರೇನ್ ತೂಗುತ್ತಿತ್ತು. ಬೇರೆ ಕಡೆಯವು ಅದಕ್ಕಿಂತ ಹಗುರ. ತೂಕದ ಕಲ್ಲುಗಳ ಪಾಡೂ ಅದೇ ಆಗಿತ್ತು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿದ ಫ್ರಾನ್ಸಿಸ್ ಬುಕನನ್ ತನ್ನ ಪ್ರವಾಸದ ಪುಸ್ತಕದಲ್ಲಿ ಊರೂರಿನ ತೂಕ, ಅಳತೆಗಳನ್ನು ಮತ್ತೆ ಮತ್ತೆ ಬರೆದುಕೊಳ್ಳಬೇಕಾಯಿತು. ಒಂದು ಪೇಟೆಯ ಲೆಕ್ಕ ಮುಂದಿನ ಪೇಟೆಗೆ ಹೊಂದುತ್ತಿರಲಿಲ್ಲ.

1833ರಲ್ಲಿ ಕಂಪನಿ ಸರಕಾರ ಬಂಗಾಳದಲ್ಲಿ ಒಂದು ನಿಯಮ ತಂದಿತು. ರೂಪಾಯಿಯ ತೂಕ 180 ಗ್ರೇನ್. ಆ ತೂಕಕ್ಕೇ 'ತೊಲೆ' ಎಂದು ಹೆಸರು. ಉಳಿದೆಲ್ಲ ತೂಕಗಳೂ ಅದರಿಂದಲೇ ಹುಟ್ಟಬೇಕು. 5 ತೊಲೆ ಒಂದು ಛಟಾಕು, 16 ಛಟಾಕು ಅಂದರೆ 80 ತೊಲೆ ಒಂದು ಸೇರು, 40 ಸೇರು ಒಂದು ಮಣ. 1835ರ ನಾಣ್ಯ ಕಾಯ್ದೆಯಿಂದ 180 ಗ್ರೇನಿನ ರೂಪಾಯಿಯೇ ಕಂಪನಿಯ ಎಲ್ಲ ಪ್ರಾಂತಗಳ ನಾಣ್ಯವಾಯಿತು. ಈ ಸುಧಾರಣೆಯ ಹಿಂದೆ ದುಡಿದವರಲ್ಲಿ ಕಲ್ಕತ್ತೆ ಟಂಕಸಾಲೆಯ ಲೋಹ ಪರೀಕ್ಷಕ ಜೇಮ್ಸ್ ಪ್ರಿನ್ಸೆಪ್ ಮುಖ್ಯನಾದವನು. ನಾಣ್ಯ, ತೂಕ, ಅಳತೆಗಳ ಉಪಯುಕ್ತ ಕೋಷ್ಟಕಗಳ ಪುಸ್ತಕವನ್ನು ಅವನು 1834ರಲ್ಲಿ ಪ್ರಕಟಿಸಿದ. ಮುಂದೆ ಮೂರ್ನಾಲ್ಕು ವರ್ಷಗಳಲ್ಲೇ ಅಶೋಕನ ಬ್ರಾಹ್ಮೀ ಲಿಪಿಯನ್ನು ಓದಿ ಹೆಸರಾದವನೂ ಇವನೇ!

ಗ್ರಾಮಿನಲ್ಲಿ ಹೇಳುವುದಾದರೆ 180 ಗ್ರೇನ್ ಎಂದರೆ 11.664 ಗ್ರಾಂ. ಈ ಒಂದು ಸಂಖ್ಯೆಯನ್ನು ನೀವು ನೆನಪಿಟ್ಟುಕೊಂಡರೆ ಉಳಿದದ್ದೆಲ್ಲ ಗುಣಾಕಾರ.

ಇದರಲ್ಲಿ ಜನಸಾಮಾನ್ಯರಿಗೆ ದೊಡ್ಡ ಅನುಕೂಲವಿತ್ತು. ಅಂಗಡಿಯವನ ಕಲ್ಲು ಸರಿಯೋ ತಪ್ಪೋ ಎಂದು ಗಿರಾಕಿ ಹೇಗೆ ತಿಳಿಯಬೇಕು? ಜೇಬಿನಲ್ಲಿರುವ ಬೆಳ್ಳಿ ರೂಪಾಯಿಯನ್ನೇ ತಕ್ಕಡಿಗೆ ಹಾಕಿದರಾಯಿತು. ಐದು ರೂಪಾಯಿ ಹಾಕಿದರೆ ಛಟಾಕು. ಎಂಬತ್ತು ಹಾಕಿದರೆ ಸೇರು. ಸರಕಾರದ ಮುದ್ರೆ ಬಿದ್ದ ನಾಣ್ಯವೇ ಸಾಕ್ಷಿ. ನಮ್ಮ ಹಿರಿಯರು 'ಹತ್ತು ರೂಪಾಯಿ ತೂಕದ ಬೆಳ್ಳಿ ಲೋಟ' ಎಂದರೆ ಅದು ಬೆಲೆಯಲ್ಲ, ತೂಕ.

ತೊಲೆಯಿಂದ ಕೆಳಕ್ಕೆ ಅಕ್ಕಸಾಲಿಗಳ ಲೆಕ್ಕ. ಮುಂಬಯಿ ಕಡೆ 8 ಗುಂಜಿಗೆ ಒಂದು ಮಾಸ, 12 ಮಾಸಕ್ಕೆ ಒಂದು ತೊಲೆ. ಅಂದರೆ 96 ಗುಂಜಿಗೆ ಒಂದು ತೊಲೆ. ಗುಂಜಿ ಎಂದರೆ ಬೇರೇನಲ್ಲ, ಬೇಲಿಯ ಬಳ್ಳಿಯಲ್ಲಿ ಬಿಡುವ ನಮ್ಮ ಕೆಂಪು-ಕಪ್ಪು ಗುಲಗಂಜಿ. ಈ ಲೆಕ್ಕದಲ್ಲಿ ಒಂದು ಗುಲಗಂಜಿ ಸುಮಾರು 0.12 ಗ್ರಾಂ. 'ಗುಲಗಂಜಿಯಷ್ಟೂ ಚಿನ್ನವಿಲ್ಲ' ಎನ್ನುವ ಮಾತಿಗೆ ಹೀಗೆ ಖಚಿತವಾದ ತೂಕವೇ ಇದೆ.

ಎರಡು ಸೇರು ಬೆಲ್ಲ ಎಂದರೆ ಎಷ್ಟು?

ತೊಲೆ ಎಲ್ಲ ಕಡೆ ಒಂದಾಯಿತು ಸರಿ. ಆದರೆ ಎಷ್ಟು ತೊಲೆಗೆ ಒಂದು ಸೇರು ಎಂಬ ಪ್ರಶ್ನೆಗೆ ಪೇಟೆಗಳು ಒಂದೇ ಉತ್ತರ ಕೊಡಲಿಲ್ಲ.

ನಿಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಅಡುಗೆ ಪುಸ್ತಕ ಇದೆ ಎಂದುಕೊಳ್ಳಿ. ಅದರಲ್ಲಿ 'ಎರಡು ಸೇರು ಬೆಲ್ಲ' ಎಂದು ಬರೆದಿದೆ. ಅಜ್ಜಿ ಹಳೆ ಮೈಸೂರಿನವರಾದರೆ ಅವರದು ಕಚ್ಚಾ ಸೇರು ಇರಬಹುದು: 24 ತೊಲೆ, ಅಂದರೆ 280 ಗ್ರಾಂ. ಎರಡು ಸೇರಿಗೆ 560 ಗ್ರಾಂ. ಹಳೆಯ ಮುಂಬಯಿ ಪೇಟೆಯ ಸೇರಾದರೆ ಅದು ಪೌಂಡಿನ ಹತ್ತರಲ್ಲಿ ಏಳು ಪಾಲು, ಸುಮಾರು 317 ಗ್ರಾಂ. ಎರಡು ಸೇರಿಗೆ 635 ಗ್ರಾಂ. ಇನ್ನು 80 ತೊಲೆಯ ಸೇರಾದರೆ ಒಂದಕ್ಕೆ 933 ಗ್ರಾಂ. ಎರಡು ಸೇರಿಗೆ ಒಂದೂ ಮುಕ್ಕಾಲು ಕಿಲೋ ದಾಟುತ್ತದೆ. ಒಂದೇ ಬರಹ, ಮೂರು ಪಾಯಸ! ಮೊದಲನೆಯದು ಸಪ್ಪೆ, ಕೊನೆಯದು ಬಾಯಿಗಿಡಲಾಗದು.

ಮಣದ್ದೂ ಇದೇ ಕತೆ. ಮಣಕ್ಕೆ 40 ಸೇರು ಎಂಬುದು ಮೇಲಿನ ಮೂರೂ ಕಡೆ ಒಂದೇ. ಆದರೆ ಸೇರೇ ಬೇರೆಯಾದಾಗ ಮಣ ಒಂದೇ ಆಗುವುದು ಹೇಗೆ? ಮೈಸೂರಿನ ಕಚ್ಚಾ ಮಣ 960 ತೊಲೆ, ಅಂದರೆ 11.2 ಕಿಲೋ. ಮದ್ರಾಸಿನ ಮಣ 25 ಪೌಂಡು, ಅಂದರೆ 11.34 ಕಿಲೋ. ಮುಂಬಯಿಯ ಮಣ 28 ಪೌಂಡು, ಅಂದರೆ 12.7 ಕಿಲೋ. ಸರಕಾರಿ ದೊಡ್ಡ ಮಣವೋ 37.32 ಕಿಲೋ! ಈ ಕೊನೆಯದಕ್ಕೆ ವ್ಯಾಪಾರಿಗಳು 'ರೈಲ್ವೆ ಮಣ' ಎಂದೂ ಹೇಳುತ್ತಿದ್ದರು, ಏಕೆಂದರೆ ರೈಲಿನ ಸರಕು ಬಾಡಿಗೆಯ ಲೆಕ್ಕ ಇದರಲ್ಲಿತ್ತು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ನಮ್ಮ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಬಂದದ್ದು ನಿಮಗೆಲ್ಲ ಗೊತ್ತೇ ಇದೆ. ಹಳಿ ಉದ್ದವಾದಂತೆ ಮಣಗಳ ಜಗಳವೂ ಬೆಳೆಯಿತು. ಗೂಡ್ಸ್ ಶೆಡ್ಡಿನಲ್ಲಿ ಒಂದು ಮಣ, ಪೇಟೆಯಲ್ಲಿ ಇನ್ನೊಂದು ಮಣ. ಮೂಟೆ ಮಾತ್ರ ಅದೇ.

ಕನ್ನಡಿಗರಿಗಂತೂ ಇದು ಇನ್ನೂ ಹತ್ತಿರದ ತೊಡಕು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಧಾರವಾಡ, ಬೆಳಗಾವಿ, ವಿಜಾಪುರ ಮುಂಬಯಿಗೆ, ಕಲಬುರಗಿ, ರಾಯಚೂರು, ಬೀದರ ನಿಜಾಮರಿಗೆ, ಮೈಸೂರು ಮಹಾರಾಜರಿಗೆ. ಮಾತು ಒಂದೇ ಆದ ನಾಡಿನಲ್ಲಿ ಮಣ, ಸೇರುಗಳಿಗೆ ಬೇರೆ ಬೇರೆ ಯಜಮಾನರು. ಮದ್ರಾಸು, ಮೈಸೂರು ಕಡೆ ಬೆಲ್ಲ, ಹುಣಿಸೆಹಣ್ಣು, ಈರುಳ್ಳಿಗೆ 'ವೀಸೆ' ಎಂಬ ತೂಕವೂ ಇತ್ತು. ಐದು ಕಚ್ಚಾ ಸೇರಿಗೆ ಒಂದು ವೀಸೆ, 120 ತೊಲೆ, ಅಂದರೆ 1.4 ಕಿಲೋ. ಎಂಟು ವೀಸೆಗೆ ಒಂದು ಮಣ.

ಮುಂಬಯಿಯ ಒಳಗೇ ಇನ್ನೊಂದು ತಮಾಷೆ ನೋಡಿ. ಸಾಮಾನ್ಯ ಸರಕಿಗೆ 20 ಮಣ ಒಂದು ಖಂಡಿ, ಅಂದರೆ 560 ಪೌಂಡು, 254 ಕಿಲೋ. ಆದರೆ ಹತ್ತಿಗೆ ಖಂಡಿ 784 ಪೌಂಡು, ಅಂದರೆ 355.6 ಕಿಲೋ. ಹತ್ತಿ ಮಾರುವವನ ಖಂಡಿಗೂ ಬೇರೆ ಸರಕಿನವನ ಖಂಡಿಗೂ ನೂರು ಕಿಲೋ ಅಂತರ! ಇದು ಸತ್ತ ಲೆಕ್ಕವೆಂದು ತಿಳಿಯಬೇಡಿ. ಹತ್ತಿ ವ್ಯಾಪಾರದಲ್ಲಿ ಇಂದಿಗೂ ಧಾರಣೆ ಹೇಳುವುದು ಖಂಡಿಯ ಲೆಕ್ಕದಲ್ಲೇ, ಅದೂ ಈ 355.6 ಕಿಲೋದ ಖಂಡಿ.

ಇಷ್ಟರ ಮೇಲೆ ಸೇರು ತೂಕವೂ ಹೌದು, ಅಳತೆಯೂ ಹೌದು. ಅಕ್ಕಿ, ರಾಗಿ, ಎಣ್ಣೆಯನ್ನು ಅಳೆಯುತ್ತಿದ್ದರೇ ಹೊರತು ತೂಗುತ್ತಿರಲಿಲ್ಲ. ಪಾವು, ಸೇರು, ಕೊಳಗ, ಖಂಡುಗ. ಕರಾವಳಿಯಲ್ಲಿ ಕಳಸೆ, ಮುಡಿ. ಇವೆಲ್ಲ ಪಾತ್ರೆಯ ಲೆಕ್ಕಗಳು. ಒಂದೇ ಸೇರಿನ ಪಾತ್ರೆಯಲ್ಲಿ ಅಕ್ಕಿ ತುಂಬಿದರೆ ಒಂದು ತೂಕ, ಅವಲಕ್ಕಿ ತುಂಬಿದರೆ ಇನ್ನೊಂದು ತೂಕ. ಹಾಗಾಗಿ 'ಒಂದು ಸೇರು ಅಕ್ಕಿ' ಎಂಬುದನ್ನು ತೊಲೆಯಿಂದ ಗುಣಿಸಿ ಗ್ರಾಂ ಮಾಡಲು ಹೋಗಬೇಡಿ. ಅಲ್ಲಿ ಕೇಳಬೇಕಾದದ್ದು ಪಾತ್ರೆ ಎಷ್ಟು ದೊಡ್ಡದು ಎಂದು.

ಸಾವಿರ ವರ್ಷದ ಹಳೆಯ ತೊಡಕು

ಇದೆಲ್ಲ ಇಂಗ್ಲಿಷರ ಕಾಲದ ಗೊಂದಲ ಎನ್ನಬೇಡಿ. ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ನಮ್ಮ ನಾಡಿನ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ' ಎಂಬ ಗ್ರಂಥವನ್ನು ಸಂಸ್ಕೃತದಲ್ಲಿ ಬರೆದ. ಲೆಕ್ಕ ಶುರು ಮಾಡುವ ಮೊದಲು ಅವನು ಅಳತೆಗಳ ಪಟ್ಟಿ ಕೊಡುತ್ತಾನೆ: ಧಾನ್ಯಕ್ಕೆ ಒಂದು, ಚಿನ್ನಕ್ಕೆ ಒಂದು, ಬೆಳ್ಳಿಗೆ ಇನ್ನೊಂದು. ಅವನ ಚಿನ್ನದ ಲೆಕ್ಕದಲ್ಲಿ 5 ಗುಂಜಿಗೆ ಒಂದು ಪಣ, 8 ಪಣಕ್ಕೆ ಒಂದು ಧರಣ. ಹೀಗಾಗಿ ಧರಣಕ್ಕೆ 40 ಗುಂಜಿ. ಬೆಳ್ಳಿಯ ಲೆಕ್ಕದಲ್ಲಿ 2 ಗುಂಜಿಗೆ ಒಂದು ಮಾಷ, 16 ಮಾಷಕ್ಕೆ ಒಂದು ಧರಣ. ಹೀಗಾಗಿ ಧರಣಕ್ಕೆ 32 ಗುಂಜಿ.

ಹೆಸರು ಅದೇ ಧರಣ. ಚಿನ್ನವಾದರೆ 40, ಬೆಳ್ಳಿಯಾದರೆ 32. ಯಾವ ಸರಕು ಎಂದು ಕೇಳದೆ ಲೆಕ್ಕ ಮಾಡಿದವನು ಸಾವಿರದ ನೂರು ವರ್ಷದ ಹಿಂದೆಯೂ ಕೆಟ್ಟ. ಆ ಕಾಲದ ವಿದ್ಯಾರ್ಥಿ ಕೂಡಿಸುವುದು, ಕಳೆಯುವುದಕ್ಕಿಂತ ಮೊದಲು ಇದನ್ನು ಕಲಿಯಬೇಕಾಗಿತ್ತು. ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲೇ ಗಣಿತ ಬರೆದ ರಾಜಾದಿತ್ಯನು ತನ್ನ ಗ್ರಂಥಕ್ಕೆ 'ವ್ಯವಹಾರಗಣಿತ' ಎಂದೇ ಹೆಸರಿಟ್ಟ. ಲೆಕ್ಕ ಬೇಕಾದದ್ದು ಪೇಟೆಗೆ ಎಂಬುದು ಆ ಹೆಸರಿನಲ್ಲೇ ಇದೆ.

ನಾಡು ಒಂದಾದ ವರ್ಷ, ತೂಕವೂ ಒಂದಾಯಿತು

ಇವನ್ನೆಲ್ಲ ಒಂದು ಮಾಡುವ ಪ್ರಯತ್ನ ಆಗಲಿಲ್ಲವೇ? ಆಯಿತು. 1871ರಲ್ಲೇ ಒಂದು ಕಾಯ್ದೆ ಬಂದಿತ್ತು. ಅದರ ಪ್ರಕಾರ ಒಂದು ಸೇರು ಎಂದರೆ ಸರಿಯಾಗಿ ಒಂದು ಕಿಲೋಗ್ರಾಂ! ಅದು ಜಾರಿಯಾಗಿದ್ದರೆ ನಮ್ಮ ಅಜ್ಜ-ಅಜ್ಜಿಯರು 'ಸೇರು' ಎನ್ನುತ್ತಲೇ ಕಿಲೋದಲ್ಲಿ ವ್ಯಾಪಾರ ಮಾಡುತ್ತಿದ್ದರು. ಆದರೆ ಕಾಯ್ದೆ ಕಾಗದದಲ್ಲೇ ಉಳಿಯಿತು. ಮುಂಬಯಿ ಪ್ರಾಂತದಲ್ಲಿ 1932ರಲ್ಲಿ ತೂಕ ಮತ್ತು ಅಳತೆಗಳ ಕಾಯ್ದೆ ಬಂದು 80 ತೊಲೆಯ ಸೇರು, 40 ಸೇರಿನ ಮಣವನ್ನು ಅಧಿಕೃತ ಮಾಡಿತು. ಆದ್ದರಿಂದ ನಿಮ್ಮ ಮನೆಯ ಮುಂಬಯಿ ಕಾಗದ 1920ರದ್ದೋ 1940ರದ್ದೋ ಎಂಬುದೂ ಮುಖ್ಯ. ಮೊದಲನೆಯದರಲ್ಲಿ ಸೇರು 317 ಗ್ರಾಂ ಇರಬಹುದು, ಎರಡನೆಯದರಲ್ಲಿ 933.

ಕೊನೆಗೂ ಗಂಟು ಬಿಚ್ಚಿದ್ದು ಸ್ವಾತಂತ್ರ್ಯದ ನಂತರ. 1956ರ ನವೆಂಬರ್ 1ರಂದು ಹಂಚಿಹೋಗಿದ್ದ ಕನ್ನಡ ಪ್ರದೇಶಗಳು ಒಂದೇ ರಾಜ್ಯವಾದವು. ಅದೇ ವರ್ಷದ ಡಿಸೆಂಬರಿನಲ್ಲಿ ತೂಕ ಮತ್ತು ಅಳತೆಗಳ ಮಾನಕ ಕಾಯ್ದೆ ಬಂತು. ನಾಡು ಒಂದಾದ ಎರಡೇ ತಿಂಗಳಲ್ಲಿ ತೂಕವೂ ಒಂದಾಗುವ ದಾರಿ ತೆರೆಯಿತು. 1957ರ ಏಪ್ರಿಲ್ 1ರಿಂದ ಹದಿನಾರಾಣೆಯ ರೂಪಾಯಿಗೆ ನೂರು ನಯಾಪೈಸೆ. 1958ರ ಅಕ್ಟೋಬರ್ 1ರಿಂದ ಹಂತಹಂತವಾಗಿ ಕಿಲೋ, ಗ್ರಾಮುಗಳು. 1962ರ ಏಪ್ರಿಲ್ ವೇಳೆಗೆ ವ್ಯಾಪಾರದಲ್ಲಿ ಮೆಟ್ರಿಕ್ ತೂಕ ಕಡ್ಡಾಯ. ಇಂದಿನ ಕಾನೂನು 2009ರದು, 2011ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದನ್ನು ನೋಡಿಕೊಳ್ಳುವ ಇಲಾಖೆಗೆ ನಮ್ಮ ಮಹಾರಾಷ್ಟ್ರದಲ್ಲಿ 'ವೈಧ ಮಾಪನ ಶಾಸ್ತ್ರ' ಎಂದು ಹೆಸರು.

ಕಾನೂನು ಸೇರನ್ನು ತೆಗೆಯಿತು, ಬಾಯಿಯಿಂದ ತೆಗೆಯಲಿಲ್ಲ. ಠಾಣೆಯ ತರಕಾರಿ ಮಾರುಕಟ್ಟೆಯಲ್ಲಿ ಈಗಲೂ 'ಪಾವ್ ಕಿಲೋ' ಎನ್ನುತ್ತೇವೆ. ಪಾವು ಸೇರಿನದು, ಕಿಲೋ ಹೊಸದು. ಎರಡನ್ನೂ ಸೇರಿಸಿ ಸಂಸಾರ ಮಾಡಿದ್ದೇವೆ. 'ಸೇರಿಗೆ ಸವ್ವಾಸೇರು' ಎಂಬ ಮಾತನ್ನು ಸೇರನ್ನೇ ನೋಡದ ಮಕ್ಕಳೂ ಹೇಳುತ್ತಾರೆ.

ತೊಲೆ ಹತ್ತು ಗ್ರಾಂ ಆದದ್ದು

ಈಗ ನಮ್ಮ ಅಕ್ಕ-ತಂಗಿಯರ ಕಡೆ ಬರೋಣ. ಮೆಟ್ರಿಕ್ ಬಂದ ಮೇಲೆ ಪೇಟೆಯಲ್ಲಿ ಚಿನ್ನದ ಧಾರಣೆಯನ್ನು 10 ಗ್ರಾಮಿಗೆ ಇಷ್ಟು ಎಂದು ಹೇಳತೊಡಗಿದರು. ಜನರ ಬಾಯಲ್ಲಿ ತೊಲೆ ಇತ್ತು. 11.664 ಎಂಬ ಸಂಖ್ಯೆ ಯಾರ ಬಾಯಿಗೂ ಹಿಡಿಯುವಂಥದಲ್ಲ. ಪಕ್ಕದಲ್ಲೇ 10 ಎಂಬ ದುಂಡು ಸಂಖ್ಯೆ ಕುಳಿತಿತ್ತು. ಹಳೆಯ ಹೆಸರು ಮೆಲ್ಲಗೆ ಹೊಸ ತೂಕದ ಮೇಲೆ ಹೋಗಿ ಕುಳಿತಿತು. ಯಾವ ಸರಕಾರದ ಆದೇಶವೂ ಇಲ್ಲ, ಯಾರ ಮೋಸವೂ ಇಲ್ಲ. ಗಿರಾಕಿ 'ತೊಲೆ' ಎಂದ, ಅಂಗಡಿಯವನು 10 ಗ್ರಾಂ ತೂಗಿ 10 ಗ್ರಾಮಿನ ದುಡ್ಡು ತೆಗೆದುಕೊಂಡ. ಇಬ್ಬರ ಲೆಕ್ಕವೂ ಸರಿ.

ಆದರೆ ಹೀಗೆ ಬಿಟ್ಟುಹೋದದ್ದು ಗುಲಗಂಜಿಯಷ್ಟಲ್ಲ. ತೊಲೆಗೆ 1.66 ಗ್ರಾಂ, ನೂರಕ್ಕೆ 14ರಷ್ಟು. ಹತ್ತು ತೊಲೆಗೆ 16.6 ಗ್ರಾಂ. ಪವನಿನಲ್ಲಿ ಎರಡಕ್ಕೂ ಸ್ವಲ್ಪ ಹೆಚ್ಚು. ತಂಗಿ ಹೇಳಿದ 'ಎರಡು ಪವನು ಕಮ್ಮಿ' ಎಂಬ ಲೆಕ್ಕ ನೂರಕ್ಕೆ ನೂರು ಸರಿಯಾಗಿತ್ತು. ತಪ್ಪಿದ್ದು ಅದರ ಕಾರಣ ಮಾತ್ರ.

ಪವನಿನ ಜಾತಕ ಬೇರೆ. ಪವನು ಎಂದರೆ ಬ್ರಿಟನ್ನಿನ ಸಾವರಿನ್ ಎಂಬ ಚಿನ್ನದ ನಾಣ್ಯದ ತೂಕ, 7.988 ಗ್ರಾಂ. ಈ ನಾಣ್ಯವನ್ನು 1918ರಲ್ಲಿ ನಮ್ಮ ಮುಂಬಯಿಯ ಟಂಕಸಾಲೆಯಲ್ಲೂ ಹೊಡೆದದ್ದುಂಟು. ಕರಾವಳಿಯವರು ಅದನ್ನು 8 ಗ್ರಾಂ ಎಂದು ದುಂಡಾಗಿಸಿದರು. ವ್ಯತ್ಯಾಸ 0.012 ಗ್ರಾಂ, ಗುಲಗಂಜಿಯ ಹತ್ತನೇ ಒಂದು ಪಾಲು. ಆದ್ದರಿಂದ ನಿಮ್ಮ ಅಮ್ಮನ ಪವನೂ ನಿಮ್ಮ ಮಗಳ ಪವನೂ ಒಂದೇ. ಅಜ್ಜಿಯ ತೊಲೆಯೂ ಸೊಸೆಯ ತೊಲೆಯೂ ಒಂದೇ ಅಲ್ಲ. ಎರಡನ್ನೂ ದುಂಡಾಗಿಸಿದ್ದೇ, ಒಂದು ಮನೆಯಲ್ಲಿ ಜಗಳ ತಂದಿತು, ಇನ್ನೊಂದು ತರಲಿಲ್ಲ.

ಹಳೆಯ ತೊಲೆ ಪೂರ್ತಿ ಹೋಗಿಲ್ಲ. ನೇಪಾಳ, ಪಾಕಿಸ್ತಾನಗಳಲ್ಲಿ ಚಿನ್ನದ ತೊಲೆ ಇಂದಿಗೂ 11.66 ಗ್ರಾಂ. ದುಬೈಯ 'ಹತ್ತು ತೊಲೆ' ಚಿನ್ನದ ಬಿಸ್ಕತ್ತು 116.64 ಗ್ರಾಂ. ಚಿನ್ನದ ನಿಯಂತ್ರಣವಿದ್ದ ವರ್ಷಗಳಲ್ಲಿ, ಅಂದರೆ 1963ರಿಂದ 1990ರ ತನಕ, ಮುಂಬಯಿ ಕರಾವಳಿಯ ಕಳ್ಳಸಾಗಣೆಯ ಸುದ್ದಿಗಳಲ್ಲಿ ಬರುತ್ತಿದ್ದ 'ಬಿಸ್ಕತ್ತು' ಇದೇ. ಕಳ್ಳಮಾಲು ಹಳೆಯ ತೊಲೆಯಲ್ಲಿ ಬಂದು ಅಂಗಡಿಯ ಗಾಜಿನ ಕಪಾಟಿನಲ್ಲಿ ಹೊಸ ತೊಲೆಯಾಗುತ್ತಿತ್ತು!

ನೆರೆಮನೆಗಳ ಲೆಕ್ಕ

ಇದು ನಮ್ಮೊಬ್ಬರ ಪಾಡಲ್ಲ ಎಂದು ತಿಳಿದರೆ ನಿಮಗೆ ಸಮಾಧಾನವಾದೀತು. ಚೀನಾದವರ ಹಳೆಯ 'ಜಿನ್' ನಮ್ಮ ಸೇರಿನಂತೆಯೇ ಹದಿನಾರು ಪಾಲಿನದು. ಅದರ ಒಂದು ಪಾಲಿಗೆ 'ಲಿಯಾಂಗ್' ಎಂದು ಹೆಸರು. 1959ರಲ್ಲಿ ಅವರು ಜಿನ್ ಎಂಬ ಹೆಸರು ಉಳಿಸಿಕೊಂಡು, ಅದನ್ನು 500 ಗ್ರಾಂ ಎಂದು ಇಟ್ಟು, ಹತ್ತು ಪಾಲು ಮಾಡಿದರು. ಅದೇ ಜಿನ್ ತೈವಾನಿನಲ್ಲಿ 600 ಗ್ರಾಂ, ಹಾಂಗ್‌ಕಾಂಗಿನಲ್ಲಿ ಸುಮಾರು 605 ಗ್ರಾಂ, ಅದೂ ಹದಿನಾರು ಪಾಲಿನದೇ. ಬರ್ಮಾದಲ್ಲಿ ನಮ್ಮ ದಕ್ಷಿಣದ ವೀಸೆಯ ನೆಂಟನೇ ಆದ 'ವಿಸ್' ಈಗಲೂ ಚಾಲ್ತಿಯಲ್ಲಿದೆ. ಆದರೆ ಅದು 1.63 ಕಿಲೋ. ನಮ್ಮದು 1.4 ಕಿಲೋ ಇತ್ತು. ಸಮುದ್ರ ದಾಟಿದ ಹೆಸರು ತೂಕವನ್ನು ಹಾಗೆಯೇ ಹೊತ್ತುಕೊಂಡು ಹೋಗುವುದಿಲ್ಲ. ಚೀನಾದವರು ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ ಹೆಸರಿನ ಹೊಸ ಅರ್ಥವನ್ನು ಕಾನೂನಿನಿಂದಲೇ ಸಾರಿದ್ದು. ನಮ್ಮ ತೊಲೆ ಸದ್ದಿಲ್ಲದೆ ಬದಲಾಯಿತು. ಅದಕ್ಕೇ ನಮಗೆ ಗೊತ್ತಾಗಲಿಲ್ಲ.

ನೀವು ಮಾಡಬೇಕಾದ್ದು

ನಿಮ್ಮ ಮನೆಯಲ್ಲೂ ಹಳೆಯ ಲೆಕ್ಕದ ಪುಸ್ತಕ, ಅಡವಿನ ಚೀಟಿ, ಪಾಲುಪಟ್ಟಿ, ಅಡುಗೆ ಬರಹ ಇರಬಹುದು. ಅವುಗಳಲ್ಲಿ ತೂಕ ಕಂಡರೆ ಗುಣಾಕಾರಕ್ಕೆ ಕೂರುವ ಮೊದಲು ಮೂರು ಪ್ರಶ್ನೆ ಕೇಳಿ. ಯಾವ ಊರು? ಯಾವ ವರ್ಷ? ಯಾವ ಸರಕು? ಮೂರಕ್ಕೂ ಉತ್ತರ ಸಿಕ್ಕಿದ ಮೇಲೆ ಎಲ್ಲವನ್ನೂ ಮೊದಲು ತೊಲೆಗೆ ಇಳಿಸಿ, ಆಮೇಲೆ ಗ್ರಾಮಿಗೆ ಏರಿಸಿ.

ಒಂದು ಲೆಕ್ಕ ಒಟ್ಟಿಗೆ ಮಾಡೋಣ. 1950ರ ಒಂದು ಮುಂಬಯಿ ಚೀಟಿಯಲ್ಲಿ 'ಸರ 3 ತೊಲೆ 4 ಮಾಸ 5 ಗುಂಜಿ' ಎಂದಿದೆ. 3 ತೊಲೆಗೆ 34.99 ಗ್ರಾಂ. 4 ಮಾಸಕ್ಕೆ 3.89. 5 ಗುಂಜಿಗೆ 0.61. ಒಟ್ಟು 39.49 ಗ್ರಾಂ. ಇದನ್ನೇ ಹತ್ತು ಗ್ರಾಮಿನ ತೊಲೆಯೆಂದು ತಿಳಿದರೆ ನಿಮಗೆ ಸಿಗುವುದು 33.85 ಗ್ರಾಂ ಮಾತ್ರ. ಐದೂವರೆ ಗ್ರಾಮಿಗೂ ಮಿಕ್ಕಿ ಚಿನ್ನ ಕಾಗದದಲ್ಲೇ ಕರಗಿಹೋಯಿತು.

ಕತ್ತರಿಸಿ ಕಪಾಟಿನ ಬಾಗಿಲಿಗೆ ಅಂಟಿಸಿಕೊಳ್ಳಲು ಒಂದು ಪುಟ್ಟ ಪಟ್ಟಿ:

ಗುಂಜಿ (ಮುಂಬಯಿ ಲೆಕ್ಕ): 0.12 ಗ್ರಾಂ
ಮಾಸ, 8 ಗುಂಜಿ: 0.97 ಗ್ರಾಂ
ತೊಲೆ, 12 ಮಾಸ (ಹಳೆಯದು): 11.664 ಗ್ರಾಂ
ತೊಲೆ (ಇಂದಿನ ಅಂಗಡಿಯ ಮಾತಿನಲ್ಲಿ): 10 ಗ್ರಾಂ
ಪವನು: 8 ಗ್ರಾಂ
ಛಟಾಕು, 5 ತೊಲೆ: 58.3 ಗ್ರಾಂ
ಕಚ್ಚಾ ಸೇರು, 24 ತೊಲೆ (ಮೈಸೂರು): 280 ಗ್ರಾಂ
ಮುಂಬಯಿ ಹಳೆಯ ಸೇರು: 317 ಗ್ರಾಂ
80 ತೊಲೆಯ ಸೇರು: 933 ಗ್ರಾಂ
ವೀಸೆ, 120 ತೊಲೆ: 1.4 ಕಿಲೋ
ಮಣ: ಮೈಸೂರು 11.2, ಮದ್ರಾಸು 11.34, ಮುಂಬಯಿ 12.7, ರೈಲ್ವೆ 37.32 ಕಿಲೋ
ಖಂಡಿ (ಮುಂಬಯಿ): ಸಾಮಾನ್ಯ ಸರಕು 254, ಹತ್ತಿ 355.6 ಕಿಲೋ

ಚಿನ್ನ ಕೊಳ್ಳುವಾಗ ಬಾಯಲ್ಲಿ ತೊಲೆ, ಪವನು ಏನು ಬೇಕಾದರೂ ಹೇಳಿ, ತೊಂದರೆಯಿಲ್ಲ. ಬಿಲ್ಲಿನ ಗ್ರಾಮನ್ನು ಮಾತ್ರ ಓದಿ ಇಟ್ಟುಕೊಳ್ಳಿ. ಮಕ್ಕಳಿಗಾಗಿ ಏನಾದರೂ ಬರೆದಿಡುವುದಿದ್ದರೆ ಗ್ರಾಮಿನಲ್ಲೇ ಬರೆಯಿರಿ. ಅಪ್ಪಯ್ಯ ಆವತ್ತು 'ತೊಲೆ' ಎಂಬುದರ ಪಕ್ಕದಲ್ಲಿ ಗ್ರಾಮನ್ನೂ ಬರೆದಿದ್ದರೆ ಒಂದು ಮನೆಯ ಮನಸ್ತಾಪ ತಪ್ಪುತ್ತಿತ್ತು.

ಅಂದು ಆ ಮನೆಯಲ್ಲಿ ಒಂದು ಮದುವೆ ಕಾಗದದ ಹಿಂಬದಿಯಲ್ಲಿ ಈ ಲೆಕ್ಕವನ್ನೆಲ್ಲ ಬರೆದು ತೋರಿಸಿದೆ. ತಂಗಿ ಎರಡು ಸಲ ಓದಿದರು. ಲೆಕ್ಕದ ಪುಸ್ತಕದ ಎರಡು ಪುಟಗಳನ್ನು ಮತ್ತೊಮ್ಮೆ ಅಕ್ಕಪಕ್ಕ ಹಿಡಿದು ನೋಡಿದರು. 1975ರಲ್ಲಿ ಹೋಟೆಲಿನ ವ್ಯಾಪಾರ ಇಳಿದಿತ್ತು, ಅಪ್ಪಯ್ಯ ಸಾಲ ಮಾಡಿ ಚಿನ್ನ ತಂದಿದ್ದರು ಎಂದು ಅಕ್ಕ ಆಗ ಹೇಳಿದರು. ಅದು ತಂಗಿಗೆ ಗೊತ್ತಿರಲಿಲ್ಲ.

"ಪಾಪ, ಅಪ್ಪಯ್ಯ ಇಬ್ರಿಗೂ ಸಮ ಅಂತ್ಲೇ ತಿಳ್ಕೊಂಡು ಹೋದ್ರು" ಎಂದರು ತಂಗಿ. ಅಕ್ಕ ಚಹಾಕ್ಕೆ ನೀರಿಡಲು ಎದ್ದರು.

ನಿಮ್ಮ ಮನೆಯ ಹಳೆಯ ಪುಸ್ತಕದಲ್ಲಿ ಯಾವ ತೂಕವಿದೆ? ಇವತ್ತೇ ತೆಗೆದು ನೋಡಿ. ಊರು, ವರ್ಷ, ಸರಕು ಬರೆದು ನಮ್ಮ ಕನ್ನಡ ವಿಭಾಗಕ್ಕೆ ಕಳಿಸಿದರೆ ಒಟ್ಟಿಗೆ ಕೂತು ಬಿಡಿಸೋಣ.